ಹುಣ್ಣಿಮೆಗೆ ಹನ್ನೆರಡು ವೋಲ್ಟು

ಓಡಿರಾ ಮೂರು ತಿಂಗಳ ಬಾಕಿಗೆ ಬದಲಾಗಿ
ಹೆಬ್ಬೆರಳಷ್ಟು ಪ್ಲೇಯರು ಬಿಟ್ಟುಹೋದ.
ಇನ್ನೂರ ಹದಿನಾಲ್ಕು ಹಾಡು ಇವೆ, ಅಂದ.
ಎಣಿಸಿ ತಗೋ ಅನ್ನಲಿಲ್ಲ, ಪುಣ್ಯಕ್ಕೆ.

ನನ್ನದು ಬ್ಯಾಟರಿ ಅಂಗಡಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ,
ತಗಡಿನ ಸೂರಿಗೆ ನಾಲ್ಕು ಸೋಲಾರ್ ಹಲಗೆ.
ಬೆಳಿಗ್ಗೆ ದೋಣಿಗಳು ಸತ್ತ ಬ್ಯಾಟರಿ ಇಳಿಸುತ್ತವೆ,
ಸಂಜೆ ಜೀವ ತುಂಬಿಸಿ ಒಯ್ಯುತ್ತವೆ.
ರಾತ್ರಿಯಿಡೀ ನೀರಿನ ಮೇಲೆ ದೀಪ,
ದೀಪಕ್ಕೆ ಮುತ್ತುವ ಒಮೇನ, ಬೆರಳುದ್ದದ ಬೆಳ್ಳಿ ಮೀನು.

ಇಯರ್‌ಫೋನಿನಲ್ಲಿ ಒಂದೇ ಕಡೆ ಜೀವ.
ಅತ್ತೆ ಪೆರೆಸ್‌ಗೂ ಒಂದೇ ಕಿವಿ.
ಅವಳಿಗೆ ಕೊಟ್ಟರೆ ನನ್ನ ಪಾಲಿಗೆ
ಸದ್ದಿಲ್ಲದೆ ತಲೆದೂಗುವ ಮುದುಕಿ, ಅಷ್ಟೇ.
ಯಾವ ಹಾಡು? ಕೇಳಿದರೆ
ನೊಣ ಓಡಿಸಿದಂತೆ ಕೈಬೀಸುವಳು.

ಅದಕ್ಕೇ ಶುರುವಾದದ್ದು ಈ ಪೆಟ್ಟಿಗೆ.

ಬಡಗಿ ನ್ಯಾಂಗ್ವೆಸೊ ಒಡೆದ ದೋಣಿಯ ಹಲಗೆ ಕೊಟ್ಟ,
ಮೇಲೆ ಮಾಸಿದ ನೀಲಿಯಲ್ಲಿ 'ಸುಬಿ' ಎಂದಷ್ಟೇ.
ಸುಬಿರಾ ಅಂದರೆ ತಾಳ್ಮೆ.
'ರಾ' ಯಾರ ಒಲೆಯಲ್ಲಿ ಉರಿಯಿತೋ.
ಒಂದು ಸ್ಪೀಕರು ಗುಜರಿ ವ್ಯಾನಿನ ಬಾಗಿಲಿನದು,
ಇನ್ನೊಂದು ನೀರಿಗೆ ಬಿದ್ದೆದ್ದ ಯಾರದೋ ರೇಡಿಯೊದ್ದು,
ಎದೆಯ ಕಾಗದ ಹರಿದಿತ್ತು.
ಮೀನಿನ ಗಾಳಿಚೀಲ ಕೊಳ್ಳುವವರು ಬರುತ್ತಾರೆ ಇಲ್ಲಿಗೆ,
ಅಕ್ಕಸಾಲಿಗನದಕ್ಕಿಂತ ನಾಜೂಕು ತಕ್ಕಡಿ ಹಿಡಿದು.
ತೂತಾದದ್ದನ್ನು ಬಿಸಾಡುತ್ತಾರೆ.
ಅಂಥದೊಂದನ್ನು ಆಯ್ದು, ಉಜ್ಜಿ, ಒಣಗಿಸಿ,
ಗೋಂದು ಸವರಿ ಹರಿದಲ್ಲಿ ಅಂಟಿಸಿದೆ.
ಬದುಕಿಡೀ ಉಸಿರು ಹಿಡಿದು ಗೊತ್ತಿದ್ದ ಪೊರೆ.

ಮೊದಲ ಹಾಡು ಕೇಳಲು ಬಂದದ್ದು ಬೆಕ್ಕುಗಳು.
ಮೂರು, ಆಮೇಲೆ ಐದು,
ಪೆಟ್ಟಿಗೆಯೆದುರು ಸಾಲಾಗಿ ಕೂತು
ಗಿಟಾರಿನ ಒಂದೊಂದು ಮೀಟಿಗೂ ಮೂಗರಳಿಸಿ.
ಹಿಟ್ಟಿನ ಜರಡಿ ಕತ್ತರಿಸಿ ಮುಂದಕ್ಕೆ ಬಡಿದೆ.

ಆದರೂ ಏನೋ ಸಪ್ಪೆ.
ಬೆಸುಗೆ ಮೂರು ಸಲ ಬಿಚ್ಚಿದೆ, ಬೆರಳು ಎರಡು ಸಲ ಸುಟ್ಟಿತು.
ಅತ್ತೆ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು
ಕೂಸಿನ ಜ್ವರ ನೋಡುವಂತೆ.
"ಗಂಟಲಿದೆ ಇದಕ್ಕೆ, ಹೊಟ್ಟೆಯಿಲ್ಲ."
ಟಾರ್ಚಿನ ಸೆಲ್ಲು ತೆಗೆದು ತಂತಿಗೆ ತಾಗಿಸಿದೆ.
ವ್ಯಾನಿನದು ಮುಂದಕ್ಕೆ ನೆಗೆಯಿತು,
ಮೀನಿನದು ಹಿಂದಕ್ಕೆ ಸರಿಯಿತು.
"ನಿನ್ನ ಮಾವನೂ ಹೀಗೇ," ಅಂದಳು.
"ಬಲೆಗೆ ನಾವೆಲ್ಲ ಕೈ ಹಾಕಿದಾಗ ಅವನು ಸಡಿಲ,
ನಾವು ಸುಧಾರಿಸಿಕೊಳ್ಳುವಾಗ ಅವನ ಪೌರುಷ."
ಕೆಂಪು ತಂತಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು.
ಡಬ್ಬಿಯೊಳಗೆ ಮೊಳೆಗಳು ನಡುಗಿದವು.
ನನ್ನ ಹಲ್ಲೂ ಒಂಚೂರು.

ಆದರೆ ಹಗಲಲ್ಲಿ ಪುರಸೊತ್ತಿಲ್ಲ;
ಪುರಸೊತ್ತಾಗುವ ರಾತ್ರಿಗೆ ಬ್ಯಾಟರಿಯೆಲ್ಲ ನೀರಿನ ಮೇಲೆ.
ಇಪ್ಪತ್ತು ದಿನ 'ಸುಬಿ' ಮೂಲೆಯಲ್ಲಿ ಕೂತಿತ್ತು,
ನೆತ್ತಿಯ ಮೇಲೆ ಉಪ್ಪಿನ ಡಬ್ಬಿ ಹೊತ್ತು.

ಆಮೇಲೆ ಚಂದ್ರ ದೊಡ್ಡವನಾದ.
ಹುಣ್ಣಿಮೆಯಲ್ಲಿ ದೀಪಕ್ಕೆ ಮರುಳಾಗುವ ಮೀನಿಲ್ಲ.
ದೋಣಿಗಳು ಮರಳ ಮೇಲೆ ಮಗ್ಗುಲಾಗಿ ಮಲಗಿದವು,
ಅಂಗಡಿಯಲ್ಲಿ ಹನ್ನೊಂದು ಬ್ಯಾಟರಿ
ಹೊಟ್ಟೆ ತುಂಬಿ ಕೂತವು, ಹೋಗಲು ಕೆಲಸವಿಲ್ಲದೆ.
ಒಂದರಿಂದ ಹನ್ನೆರಡು ವೋಲ್ಟು ಕಡ ತೆಗೆದೆ.
ಯಾರದೆಂದು ಹೇಳಲಿಲ್ಲ.

ಮೀನು ಒಣಗಿಸುವ ಹೆಂಗಸರು ಬಂದರು, ಬೆಕ್ಕುಗಳು ಬಂದವು,
ಯಾರೋ ಸುಟ್ಟ ಜೋಳ ತಂದರು.
ಓಡಿರಾ ಮಾತಾಡದೆ ಮರಳಲ್ಲಿ ಕೂತ.
ಎಷ್ಟೋ ಹೊತ್ತಿನ ಮೇಲೆ
"ಎಂಬತ್ತೇಳನೆಯದು ಹಾಕು," ಅಂದ.
ಹಾಕಿದೆ. ಮುಖ ತಿರುಗಿಸಿಕೊಂಡು ಕೇಳಿದ.
ಅತ್ತೆ ಕಿವಿ ಕೊಡಲಿಲ್ಲ, ಬೆನ್ನು ಕೊಟ್ಟಳು,
ಪೆಟ್ಟಿಗೆಗೆ ಒರಗಿ ಕಣ್ಣು ಮುಚ್ಚಿ.

ಮೂರನೆಯ ಸಂಜೆಗೆ ಚಂದ್ರ ತಡಮಾಡಿದ.
ಅಷ್ಟೇ ಕತ್ತಲು ಸಾಕು, ದೋಣಿ ಹೊರಟವು.
ಬ್ಯಾಟರಿ ಒಯ್ಯಲು ಬಂದ ಓಡಿರಾ
ಹೊಸ್ತಿಲಲ್ಲಿ ನಿಂತು, ಅದನ್ನೊಮ್ಮೆ
ಎರಡೂ ಕೈಯಲ್ಲಿ ತೂಗಿ ನೋಡಿದ.